ಮೆಟ್ಟಿಲ ಕೆಳಗಿನ 14 ಕೇಬಲ್‌ಗಳಿಗೆ ವಿಳಾಸ ಬರೆದ ಬಗೆ

ಬೆಂಗಳೂರಿನಲ್ಲಿ ಮೂವತ್ತು–ನಲವತ್ತರ ಸೈಟಿನಲ್ಲಿ ಕಟ್ಟಿದ ನಮ್ಮ ಮನೆಯ ಕೆಳಗಿನ ಅಂತಸ್ತಿನಲ್ಲಿ ಅಪ್ಪ ಅಮ್ಮ ಇದ್ದಾರೆ, ಮೇಲಿನ ಅಂತಸ್ತಿನಲ್ಲಿ ನಾವಿದ್ದೇವೆ, ತಾರಸಿಯ ಮೇಲೆ ಒಂಟಿ ಕೋಣೆಯೊಂದಿದೆ. ಮನೆ ಕಟ್ಟುವಾಗಲೇ, ಗೋಡೆಗಳಿಗೆ ಪ್ಲಾಸ್ಟರಿಂಗ್ ಆಗುವುದಕ್ಕೆ ಮುಂಚೆ, ಕೋಣೆಗಳಿಗೂ ಕ್ಯಾಮೆರಾ ಕೂರುವ ಜಾಗಗಳಿಗೂ ಪೈಪಿನೊಳಗೆ ನೆಟ್‌ವರ್ಕ್ ಕೇಬಲ್ ಎಳೆಸಿದ್ದೆವು. ಅವೆಲ್ಲವೂ ಮೆಟ್ಟಿಲ ಕೆಳಗಿನ ಕಪಾಟಿಗೆ ಬಂದು ಸೇರುತ್ತವೆ. ಒಟ್ಟು 14 ಕೇಬಲ್‌ಗಳು; ಎಲ್ಲವೂ ಒಂದೇ ಬೂದು ಬಣ್ಣದವು; ಯಾವುದು ಎಲ್ಲಿಗೆ ಹೋಗುತ್ತದೆ ಎಂಬ ಗುರುತು ಒಂದರ ಮೇಲೂ ಇರಲಿಲ್ಲ. ಆಗ ವೈರಿಂಗ್ ಮಾಡಿದ್ದ ಎಲೆಕ್ಟ್ರಿಷಿಯನ್ನರನ್ನು ಫೋನಿನಲ್ಲಿ ವಿಚಾರಿಸಿದಾಗ, “ಟೇಪ್ ಸುತ್ತಿ ಪೆನ್ನಲ್ಲಿ ಬರ್ದಿದ್ವಿ ಸಾರ್, ಗೋಡೆಗೆ ನೀರು ಹೊಡೆಯೋವಾಗ ಎಲ್ಲಾ ನೆಂದು ಕಿತ್ಕೊಂಡು ಹೋಯ್ತು” ಎಂದರು. ಕ್ಯೂರಿಂಗ್ ನಡೆಯುವ ದಿನಗಳಲ್ಲಿ ಕಾಗದದ ಟೇಪು ಉಳಿಯುವುದು ಸಾಧ್ಯವೂ ಇರಲಿಲ್ಲ.

ಗುರುತಿಲ್ಲದ ಕೇಬಲ್‌ಗಳಿಂದ ದಿನನಿತ್ಯ ತೊಂದರೆಯೇನೂ ಆಗುವುದಿಲ್ಲ. ಎಲ್ಲವೂ ನಡೆಯುತ್ತಿರುವಷ್ಟು ಕಾಲ ಯಾರೂ ಆ ಕಪಾಟಿನ ಬಾಗಿಲು ತೆರೆಯುವುದಿಲ್ಲ. ಆದರೆ ಒಂದು ಕೋಣೆಯಲ್ಲಿ ಇಂಟರ್ನೆಟ್ ನಿಂತಿತೆಂದು ತಂತ್ರಜ್ಞರೊಬ್ಬರು ಬಂದು, ಒಂದೊಂದೇ ಕೇಬಲ್ ಕಿತ್ತು ನೋಡಿ, ಕೊನೆಗೆ ಆ ಕೋಣೆಯದನ್ನು ಸರಿಮಾಡಿ ಹೋದ ಮೇಲೆ, ಗೇಟಿನ ಕ್ಯಾಮೆರಾ ಹಲವು ದಿನ ಚಿತ್ರವನ್ನೇ ದಾಖಲಿಸಿರಲಿಲ್ಲ ಎಂಬುದು ನಮಗೆ ತಿಳಿಯಿತು. ಅದರ ಕೇಬಲ್ ಎಲ್ಲಿಗೂ ಸಿಕ್ಕಿಸದೆ ಜೋತುಬಿದ್ದಿತ್ತು. ನಾನು ಊರಲ್ಲಿಲ್ಲದಾಗ ಅಪ್ಪ ಅಮ್ಮನೇ ಆ ಕಪಾಟಿನ ಮುಂದೆ ನಿಲ್ಲಬೇಕಾಗುತ್ತದೆ. ಆದ್ದರಿಂದ ಈ ಕೆಲಸವನ್ನು ನನ್ನ ಅನುಕೂಲಕ್ಕಿಂತ, ನೆಟ್‌ವರ್ಕಿನ ಗಂಧವಿಲ್ಲದ ಒಬ್ಬರು ಬಾಗಿಲು ತೆರೆದರೂ ಅರ್ಥವಾಗುವಂತೆ ಮಾಡಬೇಕೆಂದು ನಿಶ್ಚಯಿಸಿಕೊಂಡೆ.

ಮೊದಲಿಗೆ, ಯಾವುದನ್ನೂ ಮುಟ್ಟದೆ, ಕಪಾಟು ಇದ್ದ ಸ್ಥಿತಿಯಲ್ಲೇ ಫೋಟೊಗಳನ್ನು ತೆಗೆದುಕೊಂಡೆ. ನೆಟ್‌ವರ್ಕ್ ಸ್ವಿಚ್ಚಿನ (ಕೇಬಲ್‌ಗಳನ್ನೆಲ್ಲ ಒಂದಕ್ಕೊಂದು ಬೆಸೆಯುವ ಪೆಟ್ಟಿಗೆಯ) ಯಾವ ಪೋರ್ಟಿನಲ್ಲಿ, ಅಂದರೆ ಕೇಬಲ್ ಸಿಕ್ಕಿಸುವ ಕಿಂಡಿಯಲ್ಲಿ, ದೀಪ ಉರಿಯುತ್ತಿದೆ, ಯಾವುದರಲ್ಲಿ ಇಲ್ಲ ಎಂಬುದು ಆ ಫೋಟೊಗಳಲ್ಲಿ ಸ್ಪಷ್ಟವಾಗಿ ಕಾಣಬೇಕು. ಅನಂತರ ಕಪಾಟಿನೊಳಗಿನ ತುದಿಗಳಿಗೆ ಮಾಸ್ಕಿಂಗ್ ಟೇಪು ಸುತ್ತಿ ತಾತ್ಕಾಲಿಕ ಗುರುತು ಬರೆದೆ. ಇಲ್ಲಿ ಅಂಕಿಗಳನ್ನು ಬೇಕೆಂದೇ ಬಳಸಲಿಲ್ಲ. ತಾತ್ಕಾಲಿಕ ಅಂಕಿಗೂ ಮುಂದೆ ಕೊಡುವ ಖಾಯಂ ಅಂಕಿಗೂ ಗೊಂದಲವಾದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಕಪಾಟಿನ ತುದಿಗಳಿಗೆ ಅ, ಆ, ಇ, ಈ ಎಂದು ಸ್ವರಗಳನ್ನೇ ಕೊಡುತ್ತ ಹೋದೆ. 14ನೆಯ ಕೇಬಲ್ಲಿಗೆ ಸರಿಯಾಗಿ ‘ಅಂ’ ಬಂದಿತು. ಕೋಣೆಗಳ ಕಡೆಯ ತುದಿಗಳಿಗೆ ಆಯಾ ಗೋಡೆಯ ಹೆಸರನ್ನೇ ಬರೆದೆ. ಇನ್ನು ಉಳಿದದ್ದು ಯಾವ ಸ್ವರ ಯಾವ ಗೋಡೆಗೆ ಸೇರಿದ್ದು ಎಂದು ಹುಡುಕುವುದು.

ಅದಕ್ಕೆ ಉಪಕರಣವಿಲ್ಲದೆಯೂ ಒಂದಷ್ಟು ದೂರ ಹೋಗಬಹುದು. ಒಳ್ಳೆಯ ನೆಟ್‌ವರ್ಕ್ ಕೇಬಲ್ಲಿನ ಹೊರಕವಚದ ಮೇಲೆ ತಯಾರಕರ ಹೆಸರು, ಕ್ಯಾಟ್-6 ಎಂಬ ವರ್ಗ ಮೊದಲಾದವುಗಳ ಜೊತೆಗೆ ಒಂದೊಂದು ಮೀಟರಿಗೊಮ್ಮೆ ಏರುವ ಅಥವಾ ಇಳಿಯುವ ಅಂಕಿಯೊಂದು ಅಚ್ಚಾಗಿರುತ್ತದೆ. ಕೇಬಲ್ ಸಾಮಾನ್ಯವಾಗಿ 305 ಮೀಟರಿನ, ಅಂದರೆ ಸಾವಿರ ಅಡಿಯ, ಪೆಟ್ಟಿಗೆಯಲ್ಲಿ ಬರುತ್ತದೆ. ಎಳೆಯುವವರಿಗೆ ಪೆಟ್ಟಿಗೆಯಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯಲಿ ಎಂಬುದಕ್ಕಾಗಿ ಈ ಅಂಕಿ. ನನಗೆ ಅದು ಬೇರೆಯೇ ರೀತಿಯಲ್ಲಿ ಉಪಯೋಗಕ್ಕೆ ಬಂತು. ಟಾರ್ಚ್ ಹಿಡಿದು ಎಲ್ಲ ತುದಿಗಳ ಅಂಕಿಗಳನ್ನೂ ಬರೆದುಕೊಂಡೆ. ‘ಈ’ ಎಂಬ ಕೇಬಲ್ಲಿನ ಕಪಾಟಿನ ತುದಿಯಲ್ಲಿ 212 ಎಂದಿತ್ತು. ಮೇಲಿನ ಅಂತಸ್ತಿನ ಹಾಲಿನ ಗೋಡೆಯ ಬಾಕ್ಸಿನೊಳಗೆ ಇಣುಕಿದರೆ 231. ನಡುವಣ 19 ಮೀಟರ್ ಆ ದಾರಿಗೆ ಒಪ್ಪುವ ಉದ್ದವೇ. ಜೊತೆಗೆ ಕಪಾಟಿನಲ್ಲಿದ್ದ ‘ಊ’ ಕೇಬಲ್ಲಿನ ತುದಿಯಲ್ಲಿ 232 ಕಂಡಾಗ, ಅದೇ ಪೆಟ್ಟಿಗೆಯಿಂದ ಒಂದರ ಹಿಂದೆ ಒಂದಾಗಿ ಇವೆರಡನ್ನೂ ಕತ್ತರಿಸಿ ಎಳೆದಿದ್ದಾರೆ ಎಂದು ಊಹಿಸಬಹುದಾಯಿತು. ಇದು ಊಹೆ ಮಾತ್ರ, ಪುರಾವೆಯಲ್ಲ. ಆದರೂ ಟೆಸ್ಟರ್ ಹಿಡಿದು ಮಹಡಿ ಹತ್ತಿಳಿಯುವ ಮುನ್ನ ಯಾವ ಜೋಡಿಯನ್ನು ಮೊದಲು ಪರೀಕ್ಷಿಸಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣಲಿಲ್ಲ.

ಎರಡೂ ತುದಿಗಳಿಗೆ ಕನೆಕ್ಟರ್ ಇರುವ ಕೇಬಲ್‌ಗಳ ವಿಷಯ ಸುಲಭ. ಕೋಣೆಯಲ್ಲಿ ಲ್ಯಾಪ್‌ಟಾಪನ್ನು ಸಿಕ್ಕಿಸಿ, ಕಪಾಟಿನಲ್ಲಿ ಸ್ವಿಚ್ಚಿನ ಯಾವ ದೀಪ ಹೊತ್ತಿಕೊಂಡಿತೆಂದು ಕೆಳಗೆ ನಿಂತವರು ಕೂಗಿ ಹೇಳಿದರೆ ಸಾಕು. ತುದಿ ಬರಿದಾಗಿರುವ ಕೇಬಲ್‌ಗಳಿಗಾಗಿ ಎಸ್.ಪಿ. ರೋಡಿನ ಅಂಗಡಿಯೊಂದರಿಂದ ಟೋನರ್ ತಂದೆ. ಇದರಲ್ಲಿ ಎರಡು ಭಾಗಗಳಿರುತ್ತವೆ. ಒಂದು ಭಾಗವನ್ನು ಕೇಬಲ್ಲಿನ ತಂತಿಗಳಿಗೆ ಕಚ್ಚಿಸಿದರೆ ಅದು ಸದ್ದಿನ ಸಂಕೇತವನ್ನು ಕಳಿಸುತ್ತದೆ. ಇನ್ನೊಂದು ಕಡೆ ಪೆನ್ನಿನಂತಹ ಭಾಗವನ್ನು ಕೇಬಲ್‌ಗಳ ಹತ್ತಿರ ಆಡಿಸಿದರೆ, ಸರಿಯಾದ ಕೇಬಲ್ಲಿನ ಬಳಿ ಅದು ಜೋರಾಗಿ ಕೂಗುತ್ತದೆ. ಅಂಗಡಿಯವರು ಹೇಳದ ಒಂದು ಸಂಗತಿ ಇಲ್ಲಿ ಮುಖ್ಯ. ಕೇಬಲ್ಲಿನೊಳಗಿನ ಎಂಟು ತಂತಿಗಳು ನಾಲ್ಕು ಜೋಡಿಗಳಾಗಿ ಹೊಸೆದಿರುತ್ತವೆ, ಹೊಸೆದಿರುವುದೇ ಸಂಕೇತ ಹೊರಗೆ ಸೋರಬಾರದೆಂದು. ಆದುದರಿಂದ ಟೋನರಿನ ಎರಡು ಕ್ಲಿಪ್ಪುಗಳನ್ನು ಒಂದೇ ಜೋಡಿಯ ಎರಡು ತಂತಿಗಳಿಗೆ ಹಾಕಿದರೆ ಸದ್ದು ಕ್ಷೀಣವಾಗಿರುತ್ತದೆ. ಒಂದನ್ನು ಕಿತ್ತಳೆ ಜೋಡಿಯ ತಂತಿಗೂ ಇನ್ನೊಂದನ್ನು ಕಂದು ಜೋಡಿಯ ತಂತಿಗೂ ಹಾಕಿದರೆ ಗೋಡೆಯ ಆಚೆಗೂ ಕೇಳಿಸುತ್ತದೆ. ಕ್ಯಾಮೆರಾಗಳಿಗೆ ವಿದ್ಯುತ್ತನ್ನೂ ಇದೇ ಕೇಬಲ್ಲಿನಲ್ಲಿ ಕಳಿಸುವ ಪಿಒಇ ಸ್ವಿಚ್ ಇರುವ ಮನೆಗಳಲ್ಲಿ, ಟೋನರ್ ಹಾಕುವ ಮೊದಲು ಆ ಕೇಬಲ್ಲನ್ನು ಸ್ವಿಚ್ಚಿನಿಂದ ಬಿಡಿಸಲೇಬೇಕು. ಇಲ್ಲವಾದರೆ ಅಗ್ಗದ ಟೋನರ್ ಸುಟ್ಟುಹೋಗಬಹುದು.

ಈ ಹುಡುಕಾಟದಲ್ಲಿ ಗೋಡೆಯೊಳಗೆ ಏನೇನು ನಡೆದಿತ್ತೆಂಬುದೆಲ್ಲ ಬಯಲಾಯಿತು. ಮೇಲಿನ ವಾಯವ್ಯ ಕೋಣೆಯಲ್ಲಿ ಟೋನರ್ ಕೂಗಿದ್ದು ವಾರ್ಡ್‌ರೋಬಿನ ಬೆನ್ನಿಗೆ. ಮರಗೆಲಸದವರು ಬಾಕ್ಸಿನ ಮೇಲೆಯೇ ಪ್ಲೈವುಡ್ ಹೊಡೆದುಬಿಟ್ಟಿದ್ದರು. ಕೆಳಗಿನ ನೈಋತ್ಯ ಕೋಣೆಯ ಕೇಬಲ್ಲಿನಲ್ಲಿ ನೀಲಿ ಜೋಡಿಯನ್ನು ಕತ್ತರಿಸಿ, ಹಿಂದೆ ಇದ್ದ ಲ್ಯಾಂಡ್‌ಲೈನ್ ಫೋನಿನ ಪ್ಯಾರಲಲ್ ಸಂಪರ್ಕಕ್ಕೆ ಬಳಸಿಕೊಂಡಿದ್ದರು. ಅಪ್ಪನ ಕೋಣೆಯಲ್ಲಿ ಇಂಟರ್ನೆಟ್ 100 ಮೆಗಾಬಿಟ್ ವೇಗವನ್ನು ಎಂದೂ ದಾಟದಿದ್ದುದಕ್ಕೆ ಕಾರಣ ಸಿಕ್ಕಿತು. 100 ಮೆಗಾಬಿಟ್ ಈಥರ್ನೆಟ್ಟಿಗೆ ನಾಲ್ಕು ತಂತಿಗಳು, ಅಂದರೆ 1, 2, 3 ಮತ್ತು 6ನೆಯ ಪಿನ್ನುಗಳು ಸಾಕು. 1999ರಲ್ಲಿ ಬಂದ ಗಿಗಾಬಿಟ್ ಮಾನಕಕ್ಕೆ ಎಂಟೂ ಬೇಕು. ನೀಲಿ ಜೋಡಿ ಕೂರುವುದು 4 ಮತ್ತು 5ರಲ್ಲಿ. ಹೀಗಾಗಿ ಸಂಪರ್ಕ ಕಡಿದುಹೋಗುವ ಬದಲು ಸದ್ದಿಲ್ಲದೆ ಕೆಳಗಿನ ವೇಗಕ್ಕೆ ಇಳಿದು ನಿಂತಿತ್ತು. ಇಂತಹ ದೋಷ ಕಣ್ಣಿಗೆ ಬೀಳುವುದೇ ಇಲ್ಲ. ಫೋನ್ ತೆಗೆಸಿ ಎಷ್ಟೋ ಕಾಲವಾಗಿದ್ದರಿಂದ ಆ ಜೋಡಿಯನ್ನು ಮರಳಿ ಕೇಬಲ್ಲಿಗೆ ಸೇರಿಸಿದೆ.

ನಿಜಕ್ಕೂ ಕಳವಳ ಹುಟ್ಟಿಸಿದ್ದು ತಾರಸಿಯ ಕೋಣೆಗೆ ಹೋಗುವ ಎರಡು ಕೇಬಲ್‌ಗಳಲ್ಲಿ ಒಂದು. ಅದನ್ನು 230 ವೋಲ್ಟಿನ ವಿದ್ಯುತ್ ತಂತಿಗಳಿರುವ ಪೈಪಿನಲ್ಲೇ ತುರುಕಿದ್ದರು. ವಿದ್ಯುತ್ ತಂತಿಯ ಪಕ್ಕದಲ್ಲಿ ಸಂಕೇತ ಕೆಡುವುದು ಒಂದು ವಿಷಯ. ಮುಂದೆಂದಾದರೂ ತಂತಿಯ ಹೊದಿಕೆ ಸುಲಿದರೆ ಮನೆಯ ಕರೆಂಟು ನೆಟ್‌ವರ್ಕ್ ಕೇಬಲ್ಲಿಗೆ ಹರಿದು ರೂಟರನ್ನೋ ಅದನ್ನು ಮುಟ್ಟಿದವರನ್ನೋ ತಲುಪುವುದು ಅದಕ್ಕಿಂತ ಬಹಳ ದೊಡ್ಡ ವಿಷಯ. ಗೋಡೆ ಒಡೆಯದೆ ಅದನ್ನು ಬೇರೆ ದಾರಿಗೆ ತಿರುಗಿಸುವಂತಿರಲಿಲ್ಲ. ಎರಡೂ ತುದಿಗಳನ್ನು ಕತ್ತರಿಸಿ, ಇನ್ಸುಲೇಷನ್ ಟೇಪು ಸುತ್ತಿ, “ಬಳಸಬಾರದು – ವಿದ್ಯುತ್ ಪೈಪಿನಲ್ಲಿದೆ” ಎಂದು ಲೇಬಲ್ ಹಚ್ಚಿದೆ. ಬಳಸುವ ಕೇಬಲ್‌ಗಳಿಗಿಂತ ಬಳಸಬಾರದ ಕೇಬಲ್ಲಿಗೇ ಲೇಬಲ್ ಹೆಚ್ಚು ಅಗತ್ಯ. ಏಕೆಂದರೆ ಮುಂದೆ ಬರುವ ಯಾರಾದರೂ ಖಾಲಿ ಬಿದ್ದಿರುವ ಕೇಬಲ್ ಸಿಕ್ಕಿತೆಂದು ಸಂತೋಷದಿಂದ ಅದಕ್ಕೆ ಕನೆಕ್ಟರ್ ಹಾಕಿಬಿಡುತ್ತಾರೆ. ಇನ್ನು ‘ಅಂ’ ಕೇಬಲ್ಲಿನ ಆಚೆಯ ತುದಿ ಎಲ್ಲಿಯೂ ಸಿಗಲಿಲ್ಲ. ಅದಕ್ಕೂ “14 – ಇನ್ನೊಂದು ತುದಿ ಸಿಕ್ಕಿಲ್ಲ” ಎಂದು ಪರೀಕ್ಷಿಸಿದ ತಾರೀಕಿನ ಸಮೇತ ಬರೆದೆ. ಅದನ್ನು ಓದಿದವರಿಗೆ ಇಡೀ ಹುಡುಕಾಟವನ್ನು ಮೊದಲಿನಿಂದ ಮಾಡುವ ಕಷ್ಟ ತಪ್ಪುತ್ತದೆ.

ಉಳಿದವೆಲ್ಲ ಪತ್ತೆಯಾದ ಮೇಲೆ ಹೆಸರಿಡುವ ಪ್ರಶ್ನೆ ಬಂತು. ಈ ಇಡೀ ಕೆಲಸದಲ್ಲಿ ಹೆಚ್ಚು ಯೋಚನೆ ಮಾಡಿಸಿದ್ದು ಇದೇ, ಮತ್ತು ಹೆಚ್ಚಿನವರು ಆತುರದಲ್ಲಿ ಮುಗಿಸಿಬಿಡುವುದೂ ಇದನ್ನೇ. ‘ಟಿವಿ’, ‘ಅಪ್ಪನ ರೂಮು’, ‘ಅಣ್ಣನ ಕಂಪ್ಯೂಟರ್’ ಎಂದು ಬರೆಯುವುದು ಸಹಜ. ಆದರೆ ಟಿವಿ ಗೋಡೆ ಬದಲಿಸುತ್ತದೆ, ಅಣ್ಣ ಕೆಲಸಕ್ಕೆಂದು ಬೇರೆ ಊರಿಗೆ ಹೋಗುತ್ತಾನೆ, ಅಜ್ಜಿಯ ಕೋಣೆ ಮಕ್ಕಳ ಓದುವ ಕೋಣೆಯಾಗುತ್ತದೆ. ನಮ್ಮ ಮನೆಯಲ್ಲಿ ‘ಗೆಸ್ಟ್ ರೂಮು’ ಎಂದು ನಕ್ಷೆಯಲ್ಲಿದ್ದ ಕೋಣೆಯಲ್ಲಿ ಈಗ ಅಮ್ಮ ಆನ್‌ಲೈನಿನಲ್ಲಿ ಸಂಗೀತ ಪಾಠ ಹೇಳುತ್ತಾರೆ. ಸಾಧನದ ಹೆಸರಾಗಲಿ, ವ್ಯಕ್ತಿಯ ಹೆಸರಾಗಲಿ ಬರೆದ ಲೇಬಲ್ ಕೆಲವೇ ವರ್ಷಗಳಲ್ಲಿ ಸುಳ್ಳು ಹೇಳತೊಡಗುತ್ತದೆ. ಸುಳ್ಳು ಹೇಳುವ ಲೇಬಲ್ಲಿಗಿಂತ ಲೇಬಲ್ ಇಲ್ಲದಿರುವುದು ಮೇಲು, ಏಕೆಂದರೆ ಲೇಬಲ್ ಇಲ್ಲದ ಕೇಬಲ್ಲನ್ನು ಪರೀಕ್ಷಿಸಿ ನೋಡುವವರೇ, ಲೇಬಲ್ ಇದ್ದರೆ ಅದರಲ್ಲಿ ಬರೆದಿರುವುದನ್ನು ಪರೀಕ್ಷಿಸದೆ ನಂಬಿಬಿಡುತ್ತಾರೆ. ಗೋಡೆಯೊಳಗಿನ ಕೇಬಲ್ಲಿಗೆ ಸಂಬಂಧಿಸಿದಂತೆ ಬದಲಾಗದ ಸತ್ಯವೆಂದರೆ ಅದು ಯಾವ ಗೋಡೆಯಲ್ಲಿ ಕೊನೆಗೊಳ್ಳುತ್ತದೆ ಎಂಬುದೊಂದೇ. ಲೇಬಲ್ ಹೇಳಬೇಕಾದದ್ದು ಆ ವಿಳಾಸವನ್ನು.

ವಿಳಾಸ ಬರೆಯಲು ನಮ್ಮ ಮನೆಗಳಲ್ಲಿ ಬಹಳ ಅನುಕೂಲವಾದ ವ್ಯವಸ್ಥೆಯೊಂದು ಮೊದಲೇ ಇದೆ. ವಾಸ್ತುವನ್ನು ನಂಬುವವರಿರಲಿ, ನಂಬದವರಿರಲಿ, ಸ್ವಂತ ಮನೆ ಕಟ್ಟಿಸಿದ ಹೆಚ್ಚಿನವರಿಗೆ ಅಡುಗೆಮನೆ ಆಗ್ನೇಯದಲ್ಲಿದೆ, ಸಂಪು ಈಶಾನ್ಯದಲ್ಲಿದೆ, ಯಜಮಾನರ ಕೋಣೆ ನೈಋತ್ಯದಲ್ಲಿದೆ ಎಂದು ಕಣ್ಣುಮುಚ್ಚಿ ಹೇಳಲು ಬರುತ್ತದೆ. ಆದ್ದರಿಂದ ಅಂತಸ್ತು, ಕೋಣೆಯ ಮೂಲೆ, ಗೋಡೆಯ ದಿಕ್ಕು ಎಂಬ ಕ್ರಮವನ್ನು ಇಟ್ಟುಕೊಂಡೆ. “9 – ಮೇಲೆ, ನೈಋತ್ಯ, ಉತ್ತರ” ಎಂದರೆ ಮೇಲಿನ ಅಂತಸ್ತಿನ ನೈಋತ್ಯ ಕೋಣೆಯ ಉತ್ತರದ ಗೋಡೆ. ಅಂಕಿ ಫೋನಿನಲ್ಲಿ ಹೇಳಲು, ಉಳಿದದ್ದು ಅರ್ಥಕ್ಕೆ. ದೊಡ್ಡ ಕಟ್ಟಡಗಳ ಕೇಬಲ್ ನಿರ್ವಹಣೆಗೆಂದೇ ಟಿಐಎ-606 ಎಂಬ ಮಾನಕವಿದೆ. ಅದರ ಸಂಕೇತ ಪದ್ಧತಿಯೆಲ್ಲ ಮನೆಗೆ ಬೇಕಿಲ್ಲ. ಆದರೆ ಅದರ ಮೂಲ ನಿಯಮವೊಂದನ್ನು ಬಿಡುವಂತಿಲ್ಲ: ಒಂದು ಕೇಬಲ್ಲಿಗೆ ಒಂದೇ ಹೆಸರು, ಅದು ಎರಡು ತುದಿಗಳಲ್ಲೂ ಅಕ್ಷರಶಃ ಒಂದೇ ಆಗಿರಬೇಕು. ಕಪಾಟಿನಲ್ಲಿ 9 ಎಂದು ಬರೆದು ಕೋಣೆಯ ಪ್ಲೇಟಿನ ಮೇಲೆ ‘ಬಿ’ ಎಂದು ಬರೆದರೆ, ಅವೆರಡನ್ನೂ ಹೊಂದಿಸಲು ಮತ್ತೊಂದು ಪಟ್ಟಿ ಬೇಕಾಗುತ್ತದೆ.

ಲೇಬಲ್ ಯಾವುದರಿಂದ ಮಾಡಬೇಕೆಂಬುದಕ್ಕೂ ಒಂದಷ್ಟು ಗಮನ ಬೇಕು. ಬಿಲ್ಲಿನ ಕಾಗದದಂತಹ ಥರ್ಮಲ್ ಸ್ಟಿಕರ್ ಮುಚ್ಚಿದ ಕಪಾಟಿನ ಶಾಖಕ್ಕೆ ಮಾಸುತ್ತದೆ. ಅಕ್ಷರದ ಮೇಲೆ ಪ್ಲಾಸ್ಟಿಕ್ ಪದರವಿರುವ ಲ್ಯಾಮಿನೇಟೆಡ್ ಟೇಪು ಒರೆಸಿದರೂ ಅಳಿಸುವುದಿಲ್ಲ. ಕಂಪ್ಯೂಟರಿಗೆ ಜೋಡಿಸುವ ಲೇಬಲ್ ಮುದ್ರಕವನ್ನು ಸ್ನೇಹಿತರಿಂದ ಎರವಲು ತಂದು, 12 ಮಿ.ಮೀ. ಅಗಲದ ಟೇಪಿನ ಮೇಲೆ ಕನ್ನಡದಲ್ಲೇ ಮುದ್ರಿಸಿದೆ. ಎರಡು ಸಾಲು ಹಾಕಿದರೆ ‘ನೈಋತ್ಯ’, ‘ಆಗ್ನೇಯ’ಗಳ ಒತ್ತಕ್ಷರಗಳು ಇರುವೆಯಷ್ಟಾಗಿ ಅಪ್ಪನ ಕಣ್ಣಿಗೆ ಕಾಣುತ್ತಿರಲಿಲ್ಲ; ಒಂದೇ ಸಾಲಿನಲ್ಲಿ ದಪ್ಪಕ್ಷರಗಳಲ್ಲಿ ಹಾಕಿದ ಮೇಲೆ ಕನ್ನಡಕವಿಲ್ಲದೆಯೂ ಓದಿದರು. ಕ್ಯಾಟ್-6 ಕೇಬಲ್ಲಿನ ದಪ್ಪ ಸುಮಾರು 6 ಮಿ.ಮೀ. ಮಾತ್ರ ಇರುವುದರಿಂದ, ಗಡಸು ಟೇಪನ್ನು ಸುತ್ತ ಅಂಟಿಸಿದರೆ ಅದು ಬಿಚ್ಚಿಕೊಳ್ಳುತ್ತದೆ. ಟೇಪನ್ನು ಕೇಬಲ್ಲಿನ ಸುತ್ತ ಒಮ್ಮೆ ಹಾಯಿಸಿ, ಅದರ ಎರಡು ತುದಿಗಳನ್ನು ಬೆನ್ನಿಗೆ ಬೆನ್ನು ಅಂಟಿಸಿ ಬಾವುಟದ ಹಾಗೆ ಬಿಟ್ಟರೆ ಗಟ್ಟಿಯಾಗಿ ನಿಲ್ಲುತ್ತದೆ, ಎರಡೂ ಕಡೆಯಿಂದ ಓದಬಹುದು. ಈ ಬಾವುಟ ಕನೆಕ್ಟರಿಗೆ ತಾಗಿಕೊಂಡಿರಬಾರದು. ಕನೆಕ್ಟರ್ ಕೆಟ್ಟು ಕತ್ತರಿಸುವಾಗ ಲೇಬಲ್ಲೂ ಕತ್ತರಿಸಿಹೋಗುತ್ತದೆ. ತುದಿಯಿಂದ ಒಂದು ಗೇಣು ಒಳಗೆ ಒಂದನ್ನು ಹಾಕಿ, ಪೈಪಿನ ಬಾಯಿಯ ಹತ್ತಿರ ಇನ್ನೊಂದನ್ನು, ಎಲೆಕ್ಟ್ರಿಕಲ್ ಪ್ಯಾನೆಲ್ಲುಗಳಲ್ಲಿ ತಂತಿಗೆ ತೊಡಿಸುವ ಅಂಕಿಯ ಫೆರುಲಿನಿಂದ, ಗುರುತು ಮಾಡಿದೆ.

ಅಲ್ಲಿಯವರೆಗೆ ಗೋಡೆಯ ಕೇಬಲ್‌ಗಳೇ ನೇರವಾಗಿ ಸ್ವಿಚ್ಚಿಗೆ ಬರುತ್ತಿದ್ದವು. ಗೋಡೆಯೊಳಗಿನ ಕೇಬಲ್ಲಿನ ತಂತಿ ಒಂಟಿ ಎಳೆಯ ಗಟ್ಟಿ ತಾಮ್ರ; ಪದೇಪದೇ ಬಗ್ಗಿಸಿದರೆ ಅದು ಒಳಗೇ ತುಂಡಾಗುತ್ತದೆ. ಅದು ಅಲುಗಾಡದೆ ಒಂದು ಕಡೆ ಕೂರಬೇಕು, ಕಿತ್ತು ಹಾಕುವುದೆಲ್ಲ ಪ್ಯಾಚ್ ಕಾರ್ಡ್ ಎಂಬ ಮೆತ್ತನೆಯ ಗಿಡ್ಡ ಕೇಬಲ್ಲಿನಲ್ಲಿ ನಡೆಯಬೇಕು. ಆದ್ದರಿಂದ ಗೋಡೆಯ ಕೇಬಲ್‌ಗಳು ಹಿಂಬದಿಯಲ್ಲಿ ಖಾಯಮ್ಮಾಗಿ ಕೂರುವ, ಮುಂಬದಿಯಲ್ಲಿ 24 ಪೋರ್ಟುಗಳಿರುವ ಪ್ಯಾಚ್ ಪ್ಯಾನೆಲ್ ಹಾಕಿದೆ. ಪ್ಯಾನೆಲ್ಲಿನ ಹಿಂಬದಿಗೆ ತಂತಿಗಳನ್ನು ಪಂಚ್ ಮಾಡುವಾಗ, ಅಂದರೆ ಒತ್ತಿ ಕೂರಿಸುವಾಗ, ಎರಡು ವಿಷಯಗಳನ್ನು ನೋಡಿಕೊಂಡೆ. ಎಲ್ಲ ತುದಿಗಳಲ್ಲೂ ಬಣ್ಣಗಳ ಕ್ರಮ ಒಂದೇ ಇರಬೇಕು. ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಟಿ568ಬಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡನೆಯದು, ಜೋಡಿಗಳ ಹೊಸೆತವನ್ನು ತುದಿಯಲ್ಲಿ 13 ಮಿ.ಮೀ.ಗಿಂತ ಹೆಚ್ಚು ಬಿಚ್ಚಬಾರದು. ಬಿಚ್ಚಿದಷ್ಟೂ ಒಂದು ಜೋಡಿಯ ಸಂಕೇತ ಇನ್ನೊಂದರ ಮೇಲೆ ಬೀಳುತ್ತದೆ. ಎಂಟು ದೀಪಗಳ ಅಗ್ಗದ ಟೆಸ್ಟರ್ ತಂತಿ ಕಡಿದಿದೆಯೇ, ಅದಲುಬದಲಾಗಿದೆಯೇ ಎಂದಷ್ಟೇ ಹೇಳಬಲ್ಲುದು, ಕೇಬಲ್ ಗಿಗಾಬಿಟ್ ವೇಗ ಕೊಡುತ್ತದೆಯೇ ಎಂಬುದನ್ನಲ್ಲ. ಆದ್ದರಿಂದ ಲ್ಯಾಪ್‌ಟಾಪಿನಲ್ಲಿ ಪ್ರತಿ ಕೇಬಲ್ಲಿನ ಲಿಂಕ್ ವೇಗವನ್ನೂ ನೋಡಿ ಬರೆದಿಟ್ಟೆ.

ಕೋಣೆಗಳಿಗೆ ನೀಲಿ ಪ್ಯಾಚ್ ಕಾರ್ಡು, ಕ್ಯಾಮೆರಾಗಳಿಗೆ ಹಳದಿ, ಫೈಬರ್ ಮೋಡೆಮ್ಮಿನಿಂದ ರೂಟರಿಗೆ ಬರುವ ಒಂದಕ್ಕೆ ಮಾತ್ರ ಕೆಂಪು. ಕಟ್ಟಲು ಪ್ಲಾಸ್ಟಿಕ್ ಟೈ ಬೇಡ, ವೆಲ್ಕ್ರೊ ಪಟ್ಟಿ ಸಾಕು. ಬಿಗಿದ ಟೈ ಒಳಗಿನ ಜೋಡಿಗಳನ್ನು ಹಿಸುಕುತ್ತದೆ. ಹಸಿರು ತುದಿಯ ಫೈಬರನ್ನು ಮಾತ್ರ ಯಾವ ಕಟ್ಟಿಗೂ ಸೇರಿಸದೆ, ದೊಡ್ಡ ಸುತ್ತಾಗಿ ಬೇರೆ ಕೊಕ್ಕೆಗೆ ಹಾಕಿ, “ಬಗ್ಗಿಸಬಾರದು” ಎಂದು ಬರೆದೆ.

ಅಡಾಪ್ಟರುಗಳನ್ನೂ ಬಿಡಲಿಲ್ಲ. ರೂಟರಿನದು 12 ವೋಲ್ಟ್, ಸಣ್ಣ ಸ್ವಿಚ್ಚಿನದು 5 ವೋಲ್ಟ್, ಪಿನ್ನಿನ ಗಾತ್ರ ಮಾತ್ರ ಒಂದೇ. ಅದಲುಬದಲಾದರೆ ಸ್ವಿಚ್ ಸುಟ್ಟುಹೋಗುತ್ತದೆ. ಅಡಾಪ್ಟರಿನ ಮೈಮೇಲೆ, ಪಿನ್ನಿನ ಹತ್ತಿರ, ಸಾಧನದ ಬೆನ್ನ ಮೇಲೆ, ಮೂರೂ ಕಡೆ ವೋಲ್ಟೇಜ್ ಬರೆದೆ. ಇನ್ನೊಂದು ಗುರುತು ಗುಡುಗು ಮಿಂಚಿಗಾಗಿ. ಏಪ್ರಿಲ್–ಮೇ ತಿಂಗಳ ಸಂಜೆಯ ಮಳೆಯಲ್ಲಿ ಹತ್ತಿರದಲ್ಲೆಲ್ಲೋ ಸಿಡಿಲು ಬಡಿದರೂ, ಮನೆಯ ಹೊರಗೆ ಹಾಯುವ ಕೇಬಲ್ಲಿನ ಮೂಲಕ ವಿದ್ಯುತ್ ಒಳನುಗ್ಗಿ ಸ್ವಿಚ್ಚಿನ ಪೋರ್ಟುಗಳನ್ನು ಸುಡಬಹುದು. ಗೇಟು, ಹಿತ್ತಲು, ತಾರಸಿಯ ಕಡೆಗೆ ಹೋಗುವ ಕೇಬಲ್‌ಗಳ ಲೇಬಲ್ಲಿಗೆ ಕೆಂಪು ಚುಕ್ಕೆಯಿಟ್ಟಿದ್ದೇನೆ. ಮೋಡ ಕವಿಯತೊಡಗಿದಾಗಲೇ, ಗುಡುಗು ಕೇಳಿಸುವ ಮೊದಲೇ, ಕೆಂಪು ಚುಕ್ಕೆಯವನ್ನು ಪ್ಯಾನೆಲ್ಲಿನಿಂದ ಬಿಡಿಸಬೇಕೆಂದು ಮನೆಯಲ್ಲಿ ಎಲ್ಲರಿಗೂ ತಿಳಿದಿದೆ; ಗುಡುಗು ಕೇಳಿಸುತ್ತಿರುವಾಗ ಯಾರೂ ಕಪಾಟಿನ ಬಳಿ ಹೋಗಬಾರದೆಂಬುದೂ ಅಷ್ಟೇ ಖಂಡಿತ.

ಕೊನೆಗೆ ಮನೆಯ ನಕ್ಷೆಯ ಒಂದು ಪ್ರತಿಯ ಮೇಲೆ, ತುದಿ ಸಿಗದ 14ನ್ನು ಬಿಟ್ಟು ಉಳಿದ 13 ಅಂಕಿಗಳನ್ನೂ ಆಯಾ ಗೋಡೆಯ ಮೇಲೆ ಗುರುತಿಸಿ, ಲ್ಯಾಮಿನೇಟ್ ಮಾಡಿಸಿ, ಕಪಾಟಿನ ಬಾಗಿಲಿನ ಒಳಬದಿಗೆ ಅಂಟಿಸಿದೆ. ಪಕ್ಕದಲ್ಲಿ ದಾರ ಕಟ್ಟಿದ ನೋಟ್‌ಬುಕ್ಕು ತೂಗುಹಾಕಿದ್ದೇನೆ. ಲೇಬಲ್ಲಿನಲ್ಲಿ ಇರಬಾರದೆಂದ ಬದಲಾಗುವ ಸಂಗತಿಗಳಿಗೆಲ್ಲ ಅದರಲ್ಲಿ ಜಾಗವಿದೆ: ಈಗ 9ಕ್ಕೆ ಏನು ಸಿಕ್ಕಿಸಿದೆ, ಅದು ಸ್ವಿಚ್ಚಿನ ಎಷ್ಟನೆಯ ಪೋರ್ಟಿಗೆ ಹೋಗಿದೆ, ಯಾರು ಯಾವತ್ತು ಏನು ಬದಲಿಸಿದರು. ಕಂಪ್ಯೂಟರಿನಲ್ಲೂ ಒಂದು ಪ್ರತಿಯಿದೆ. ಆದರೆ ನೆಟ್‌ವರ್ಕ್ ಕೆಟ್ಟಾಗಲೇ ಬೇಕಾಗುವ ಮಾಹಿತಿಯನ್ನು ನೆಟ್‌ವರ್ಕಿನ ಮೂಲಕವೇ ತೆರೆಯಬೇಕಾದ ಕಡೆ ಮಾತ್ರ ಇಡುವುದು ಸರಿಯಲ್ಲ.

ಇದರ ಉಪಯೋಗ ನಾನು ಮಂಗಳೂರಿನಲ್ಲಿದ್ದಾಗ ಗೊತ್ತಾಯಿತು. ಮೇಲಿನ ಕೋಣೆಯಲ್ಲಿ ಇಂಟರ್ನೆಟ್ ಬರುತ್ತಿಲ್ಲವೆಂದು ಅಮ್ಮ ಫೋನು ಮಾಡಿದರು. ಕಪಾಟು ತೆರೆದು ನೋಡಲು ಹೇಳಿದೆ. “ನೀಲಿ ವೈರಿಂದೆಲ್ಲಾ ದೀಪ ಉರೀತಿದೆ ಕಣೋ, ಒಂಬತ್ತರದ್ದು ಮಾತ್ರ ಇಲ್ಲ” ಎಂದರು. “ಒಂಬತ್ತನ್ನ ಒಂದ್ಸಲ ಬಿಡಿಸಿ, ಪಕ್ಕದ ಖಾಲಿ ಪೋರ್ಟಿಗೆ ಹಾಕಮ್ಮ” ಎಂದೆ. ದೀಪ ಹೊತ್ತಿಕೊಂಡಿತು. ಸ್ವಿಚ್ಚಿನ ಆ ಪೋರ್ಟು ಕೆಟ್ಟಿದೆಯೆಂದು ನೋಟ್‌ಬುಕ್ಕಿನಲ್ಲಿ ಅವರೇ ತಾರೀಕು ಹಾಕಿ ಬರೆದಿಟ್ಟರು.

ಈಚೆಗೆ ತಾರಸಿಯ ಮೇಲೆ ಸೋಲಾರ್ ಫಲಕಗಳನ್ನು ಕೂರಿಸಿದಾಗ, ಇನ್ವರ್ಟರಿಗೆ ನೆಟ್‌ವರ್ಕ್ ಸಂಪರ್ಕ ಬೇಕೆಂದು ಅದನ್ನು ಅಳವಡಿಸಲು ಬಂದವರು ಹೊಸ ಕೇಬಲ್ ಎಳೆಯಲು ಸಿದ್ಧರಾದರು. ಅವರು ಕೇಬಲ್ಲನ್ನು ಪೈಪಿಗೆ ತಳ್ಳುವ ಮೊದಲೇ ಅಪ್ಪ ಎರಡು ತುದಿಗಳಿಗೂ 15ರ ಫೆರುಲ್ ತೊಡಿಸಿ ಕೊಟ್ಟರು. ಹೊರಗೆ ಹಾಯುವ ಕೇಬಲ್ ಆದ್ದರಿಂದ ಬಾವುಟದ ಲೇಬಲ್ಲಿಗೆ ಕೆಂಪು ಚುಕ್ಕೆಯೂ ಬಿದ್ದಿತು, ಬಾಗಿಲ ಮೇಲಿನ ನಕ್ಷೆಯಲ್ಲಿ ತಾರಸಿಯ ಪಶ್ಚಿಮದ ಗೋಡೆಗೆ 15 ಎಂಬ ಅಂಕಿಯೂ ಸೇರಿತು.